ಮಾವನ ಕಲ್ಲು, ನನ್ನ ಗ್ರಾಫ್ ಕಾಗದ

ನನ್ನ ಸೋದರಮಾವನಿಗೆ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ಏನು ಕಂಡರೂ ಅದರ ಹಿಂದಿನದನ್ನು ಸೇರಿಸಿ ಒಂದು ಗೆರೆಗೆ ತರಬೇಕು. ಕಡಲಲ್ಲಿ ಅವರು ಗಾಳ ಹಾಕುವುದೇ ಹಾಗೆ. ದಡದ ಒಂಟಿ ತೆಂಗಿನ ನೇರ ಹಿಂದೆ ಹಂಚಿನ ಕಾರ್ಖಾನೆಯ ಚಿಮಿಣಿ ಬರಬೇಕು. ಅದೇ ಹೊತ್ತಿಗೆ ದೀಪಸ್ತಂಭದ ನೇರ ಹಿಂದೆ ಇಗರ್ಜಿಯ ಗೋಪುರ. ಆ ಎರಡು ಗೆರೆ ಕೂಡಿದಲ್ಲಿ ನೀರಿನಡಿ ಒಂದು ಕಲ್ಲು, ಕಲ್ಲಿನ ಸುತ್ತ ಮುರು ಮೀನು. ಅವರ ಮಾವ ಅವರಿಗೊಬ್ಬರಿಗೇ ತೋರಿಸಿಕೊಟ್ಟ ಜಾಗ. ಬೇರೆ ದೋಣಿಯವರು ಬರಿಗೈಯಲ್ಲಿ ಬಂದ ದಿನವೂ ನಮ್ಮ ಮನೆಯಲ್ಲಿ ಮೀನು ಬೇಯುತ್ತಿತ್ತು. ಇಂಥ ಮನೆಯ ನಾನು ಕಾಲೇಜು ಸೇರಿ, ಕಾಗದದ ಮೇಲೆ ಗೆರೆ ಕೂಡಿಸಲು ಕಲಿತದ್ದೇ ಫಜೀತಿಗೆ ಶುರು.

೧. ನಶ್ಯದ ಡಬ್ಬಿ

ಅತ್ತೆಗೆ ಹೆದರಿ ಮಾವ ನಶ್ಯದ ಡಬ್ಬಿಯನ್ನು ಅಂಗಳದ ಹೊಯಿಗೆಯಲ್ಲಿ ಹೂತಿಟ್ಟರು. ಗುರುತಿಗೆ ಒಂದು ಗೆರೆ ಬಾವಿಯಿಂದ, ಇನ್ನೊಂದು ನೆರೆಮನೆಯವರು ಎಳೆದಿಟ್ಟ ದೋಣಿಯಿಂದ. ಮರುದಿನ ದೋಣಿ ಕಡಲಿಗೆ ಹೋಯಿತು. ಸಂಜೆ ಬಂದು ಬೇರೆಲ್ಲೋ ನಿಂತಿತು. ಮಾವ ಮೂರು ದಿನ ಅಗೆದರು. ಅತ್ತೆ ಏನೂ ಕೇಳದೆ ಅಗೆದಲ್ಲೆಲ್ಲ ಹರಿವೆ ಬೀಜ ಚೆಲ್ಲಿ ಹೇಳಿದರು, "ಇನ್ನೂ ನಾಲ್ಕು ಕಡೆ ಹುಡುಕಿ. ಬಸಳೆಗೂ ಜಾಗ ಬೇಕು."

೨. ಸೊನ್ನೆ

ಒಂದು ಸಂಜೆ ಮಾವ ನನ್ನ ಗ್ರಾಫ್ ಕಾಗದಕ್ಕೆ ಬಗ್ಗಿದರು.

"ಮಧ್ಯದಲ್ಲಿ ಇದೆಂತ ಮಗಾ?"

"ಸೊನ್ನೆ, ಮಾವ. ಅಲ್ಲಿಂದಲೇ ಅಳತೆ ಶುರು."

"ಅಲ್ಲಿ ಎಂತ ಉಂಟು? ಮರವಾ, ಗೋಪುರವಾ?"

"ಏನೂ ಇಲ್ಲ."

"ಏನೂ ಇಲ್ಲದಲ್ಲಿಂದ ಅಳೆದರೆ ಊಟಕ್ಕೂ ಅದೇ ಸಿಗ್ತದೆ," ಎಂದು ಎದ್ದುಹೋದರು.

೩. ನಾನು ಬಾಯಿ ಬಿಟ್ಟದ್ದು

ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಹಾಜರಿಗೆ ಕೂಡ ಕೈ ಎತ್ತುತ್ತಿದ್ದೆ, ಸ್ವರ ಎತ್ತುತ್ತಿರಲಿಲ್ಲ. ಒಂದು ದಿನ ಮಾಸ್ಟ್ರು, "ಎರಡು ಗೆರೆ ಕೂಡುವ ಬಿಂದು ಕಂಡುಹಿಡಿದು ಯಾರಿಗೆ ಎಂತ ಉಪಯೋಗ?" ಎಂದು ಕೇಳಿದರು. ನನಗೆ ಅದೆಲ್ಲಿಂದ ಧೈರ್ಯ ಬಂತೋ, ಎದ್ದು ಮಾವನ ಕಲ್ಲಿನ ಗುರುತೆಲ್ಲ ಹೇಳಿಬಿಟ್ಟೆ. ಮಾಸ್ಟ್ರು ಕುಣಿಯುವುದೊಂದು ಬಾಕಿ; ಚಿತ್ರವನ್ನೂ ಹಲಗೆಯಲ್ಲಿ ಬರೆಸಿದರು. ಎಂದೂ ಏನೂ ಬರೆದುಕೊಳ್ಳದ ಹಿಂದಿನ ಬೆಂಚಿನ ಇಬ್ಬರು ಅಂದು ಸ್ಕೇಲು ಇಟ್ಟು ಬರೆದುಕೊಂಡರು. ಇಬ್ಬರೂ ಪಕ್ಕದ ಕೇರಿಯ ದೋಣಿಮನೆಯವರು ಎನ್ನುವುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಮರುದಿನ ಮಾವ ಖಾಲಿ ಬುಟ್ಟಿ ತಂದರು. "ಕಲ್ಲಿನ ಮೇಲೆ ಐದು ದೋಣಿ ಮಾರಾಯ್ತಿ!" ಎಂದರು ಅತ್ತೆಗೆ. "ಒಬ್ಬನ ಕೈಯಲ್ಲಿ ನೋಟ್‌ಬುಕ್!"

ನಾನು ಅಳುತ್ತಾ ಒಪ್ಪಿಕೊಂಡೆ. ಮಾವ ಬಯ್ಯಲಿಲ್ಲ. ನನ್ನ ಪುಸ್ತಕವನ್ನು ಹತ್ತಿರ ಎಳೆದುಕೊಂಡರು.

"ಈ ಉರುಟು ಎಂತ?"

"ವೃತ್ತ. ಅಡ್ಡ ಹೋದ ಗೆರೆ ಅದನ್ನು ಎರಡು ಕಡೆ ಕಡಿಯುತ್ತದೆ, ಮಾವ."

"ಎರಡು ಕಡೆಯಾ?" ಮಾವ ಒಂದು ಕಣ್ಣು ಮುಚ್ಚಿ ನನ್ನನ್ನೇ ನೋಡಿದರು. "ಒಂದು ಅವರಿಗೆ ಹೋಯಿತು, ಹೋಗಲಿ. ಇನ್ನೊಂದು ಎಲ್ಲುಂಟು ಹೇಳು ಮಗಾ, ಬೆಳಿಗ್ಗೆ ದೋಣಿ ಇಳಿಸ್ತೇನೆ."