ಮೃದಂಗಕ್ಕೆ ಒಂದು ಹಿಡಿ ರವೆ

ಚಾಮರಾಜನಗರದ ಅರಿಸಿನ ಮಂಡಿಯ ಗುಮಾಸ್ತ ಚಿಕ್ಕಮಲ್ಲಪ್ಪನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಬೇಸಗೆಯಲ್ಲಿ ಊರಾಚೆ ಬಯಲಿನಲ್ಲಿ ನಡೆಯುವ ಸಂಗೀತ ಕಚೇರಿಯನ್ನು ಒಂದೇ ಒಂದು ಸಲ ಮುಂದಿನ ಜಮಖಾನದ ಮೇಲೆ ಕೂತು ಕೇಳಬೇಕು, ಅಷ್ಟೆ. ಇಷ್ಟು ವರ್ಷವೂ ಅವನಿಗೆ ಸಿಕ್ಕಿದ್ದು ಕಟ್ಟಕಡೆಯ ಹುಣಸೆಮರದ ಕೆಳಗೆ, ಕಡಲೆಕಾಯಿ ಮಾರುವ ಮೂಗಮ್ಮನ ಪಕ್ಕದ ಜಾಗ. ಅಲ್ಲಿಗೆ ಹಾಡಿಗಿಂತ ಕಡಲೆಕಾಯಿ ಸುಲಿಯುವ ಸದ್ದೇ ಚೆನ್ನಾಗಿ ಕೇಳುತ್ತಿತ್ತು.

ಆದ್ದರಿಂದಲೇ ಆ ಸಂಜೆ ರೈಲ್ವೆ ಸ್ಟೇಷನ್ನಿನಲ್ಲಿ, ಯಾರೂ ಕೇಳದಿದ್ದರೂ, ಅವನ ಬಾಯಿ ತಾನಾಗಿ ತೆರೆದುಕೊಂಡಿತು.

ಮೈಸೂರಿನ ರೈಲಿನಿಂದ ಇಳಿದ ಹಾಡುಗಾರರು ಹಾಡುವ ಮುಂಚೆ ಏನೂ ಮುಟ್ಟುವುದಿಲ್ಲವೆಂದು ಕಚೇರಿ ನಡೆಸುವ ಸಂಗೀತ ಸಭೆಯ ಅಧ್ಯಕ್ಷರ ಮನೆಗೆ ಮಲಗಲು ಹೋದರು. ಪಿಟೀಲಿನವರು ಅವರ ಹಿಂದೆ ಹೋದರು. ಉಳಿದವರು ಮೃದಂಗದ ಮುದ್ದುವೀರಪ್ಪನವರು. "ನಂಗೆ ಹಸಿದ ಹೊಟ್ಟೇಲಿ ಕೈಯೇ ಏಳೋದಿಲ್ಲ" ಎಂದು ಅವರು ತಮ್ಮ ದೊಡ್ಡ ಹೊಟ್ಟೆ ಸವರಿಕೊಂಡರು. ಸಭೆಯ ಕಾರ್ಯದರ್ಶಿ, ಜವಳಿ ಅಂಗಡಿ ನಂಜುಂಡಪ್ಪ, ತಲೆ ಕೆರೆದುಕೊಂಡ. ಹೊತ್ತು ಮುಳುಗುತ್ತಲೇ ಕಚೇರಿ ಶುರುವಾಗಬೇಕು.

"ನಮ್ಮನೇಲೇ ಊಟ ಸ್ವಾಮಿ! ಎಲ್ಲಾ ರೆಡಿ ಐತೆ!" ಎಂದುಬಿಟ್ಟ ಚಿಕ್ಕಮಲ್ಲಪ್ಪ.

"ಮಾನ ಉಳಿಸ್ಬುಟ್ಟೆ ಕಣ್ಲಾ!" ಎಂದ ನಂಜುಂಡಪ್ಪ. "ಇವತ್ತು ನಿಂಗೆ ಜಮಖಾನದ ಮ್ಯಾಲೆ ಜಾಗ. ನಾನೇ ಟವಲ್ ಆಸಿ ಇಟ್ಟಿರ್ತೀನಿ."

ಮನೆಯಲ್ಲಿ ಹೆಂಡತಿ ಶಾಂತಮಲ್ಲಮ್ಮ ವಿಷಯ ಕೇಳಿ ಪೊರಕೆ ಕೆಳಗಿಟ್ಟಳು. "ಏನ್ರೀ ರೆಡಿ ಐತೆ? ಮಧ್ಯಾಹ್ನದ ಅರ್ಧ ಮುದ್ದೆ ಐತೆ. ಅದ್ನೂ ಎಮ್ಮೆಗೆ ಅಂತ ಎತ್ತಿಟ್ಟಿವ್ನಿ."

ಅಷ್ಟು ಬೇಗ ಆಗುವುದೆಂದರೆ ಉಪ್ಪಿಟ್ಟು, ಕೇಸರಿಬಾತು. ಆದರೆ ಡಬ್ಬಿಯಲ್ಲಿ ಇದ್ದದ್ದು ತಳಕ್ಕೆ ಅಂಟಿದಷ್ಟು ರವೆ. ಶಾಂತಮಲ್ಲಮ್ಮ ಗೋಡೆಯ ಮೇಲಿಂದ ಪಕ್ಕದ ಮನೆಗೆ ಕೂಗಿದಳು: "ಗುರುಮಲ್ಲಕ್ಕಾ, ಒಂದ್ ಪಾವು ರವೆ ಕೊಡಕ್ಕಾ! ಮೈಸೂರಿಂದ ಮೃದಂಗದೋರು ಬಂದವ್ರೆ!"

ರವೆ ಬಂತು. ರವೆಯ ಹಿಂದೆಯೇ ಗುರುಮಲ್ಲಮ್ಮನೂ ಬಂದಳು, ಅವಳ ಹಿಂದೆ ಅವಳ ಗಂಡ, ಅತ್ತೆ, ಮೂರು ಮಕ್ಕಳು. "ನಾವೇನ್ ಉಣ್ಣಕ್ ಬಂದಿಲ್ಲ ಕಣಮ್ಮಿ, ಸುಮ್ನೆ ನೋಡ್ಕಂಡ್ ಓಗನ ಅಂತ" ಎನ್ನುತ್ತಾ ಎಲೆಯ ಮುಂದೆ ಕೂತರು. ಬಂದವರಿಗೆ ಸಾಲದೆ ಎದುರುಮನೆಯಿಂದ ರವೆ ತರಿಸಿದ್ದಾಯಿತು. ಎದುರುಮನೆಯವರೂ ಬಂದರು. ಅವರಿಗೆ ಸಾಲದೆ ಮೂಲೆಮನೆಯಿಂದ ತರಿಸಿದರು. ಹೀಗೆ ಇಡೀ ಬೀದಿಯ ರವೆ ಚಿಕ್ಕಮಲ್ಲಪ್ಪನ ಒಲೆ ಏರಿತು, ಇಡೀ ಬೀದಿ ಅವನ ಅಂಗಳದಲ್ಲಿ ಪಂಕ್ತಿ ಕೂತಿತು. ಮುದ್ದುವೀರಪ್ಪನವರಂತೂ ಮೂರು ಸಲ ಹಾಕಿಸಿಕೊಂಡರು.

ಎಲ್ಲರಿಗೂ ಬಡಿಸಿ ಬಡಿಸಿ ಚಿಕ್ಕಮಲ್ಲಪ್ಪನ ಸೊಂಟ ಬಿದ್ದುಹೋಯಿತು. ಒಂದು ತುತ್ತೂ ಅವನ ಬಾಯಿಗೆ ಬಿದ್ದಿರಲಿಲ್ಲ. ಪುಣ್ಯಕ್ಕೆ ಹೆಂಡತಿ ಒಂದು ಬಟ್ಟಲು ಕೇಸರಿಬಾತು ಅವನಿಗೆಂದು ಮುಚ್ಚಿಟ್ಟಿದ್ದಳು.

ಮುದ್ದುವೀರಪ್ಪನವರು ಕೈ ತೊಳೆದು, ತೇಗಿ, ಮೃದಂಗದ ಗವಸು ಬಿಚ್ಚಿದರು. "ಒಂದು ಹಿಡಿ ರವೆ ಕೊಡಿ ತಾಯಿ."

"ಇನ್ನೊಂದ್ಸಲ ಉಪ್ಪಿಟ್ಟಾ?" ಎಂದಳು ಶಾಂತಮಲ್ಲಮ್ಮ ಗಾಬರಿಯಿಂದ.

"ತಿನ್ನೋಕಲ್ಲ, ಇದಕ್ಕೆ. ರವೆ ಕಲಸಿ ಎಡಗಡೆಗೆ ಮೆತ್ತಿದರೇನೇ ಇದು ಗುಮ್ ಅನ್ನೋದು. ಎಲ್ಲಾ ಮನೇಲೂ ಇರೋ ಪದಾರ್ಥ, ಅದಕ್ಕೇ ನಾನು ಹೊತ್ತುಕೊಂಡು ತಿರುಗೋದಿಲ್ಲ."

ಬೀದಿಯ ರವೆಯೆಲ್ಲ ಬೀದಿಯ ಹೊಟ್ಟೆಯಲ್ಲಿತ್ತು. ಅಂಗಡಿಯವರು ಬಾಗಿಲು ಹಾಕಿ ಕಚೇರಿಗೆ ಹೋಗಿದ್ದರು. ಅಷ್ಟರಲ್ಲಿ ಜಟಕಾ ತಂದ ನಂಜುಂಡಪ್ಪ ಸಂಗತಿ ಕೇಳಿ ಕೆಂಡವಾದ. "ಮೃದಂಗ ಮಾತಾಡ್ನಿಲ್ಲ ಅಂದ್ರೆ ಜಮಖಾನ ಮರ್ತ್ಬುಡು ಕಣ್ಲಾ!"

ಚಿಕ್ಕಮಲ್ಲಪ್ಪ ಒಳಗೋಡಿ ಮುಚ್ಚಿಟ್ಟ ಬಟ್ಟಲು ತಂದ. "ಇದೂ ರವೇನೇ ಅಲ್ವಾ ಸ್ವಾಮಿ?"

"ತುಪ್ಪ ಇದ್ದರೆ ಜಾರುತ್ತಲ್ಲಯ್ಯಾ!"

"ತುಪ್ಪ ಎಲ್ಲೈತೆ?" ಎಂದಳು ಗುರುಮಲ್ಲಮ್ಮ ಬೆರಳು ನೆಕ್ಕುತ್ತಾ. "ಮ್ಯಾಲಿದ್ ತುಪ್ಪಾನೆಲ್ಲ ನಮ್ಗೇ ಬಡುಸ್ಬುಟ್ರು."

ಮೆತ್ತಿದರು. ಸಕ್ಕರೆಯ ಪಾಕದಿಂದ ಅದು ಮೃದಂಗಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು. ಬಾರಿಸಿದರೆ ಗುಮ್ ಎಂದಿತು. ಚಿಕ್ಕಮಲ್ಲಪ್ಪನ ಖಾಲಿ ಹೊಟ್ಟೆಯೂ ಹಾಗೇ ಎಂದಿತು, ಆದರೆ ಅವನಿಗೆ ಪರಿವೆ ಇರಲಿಲ್ಲ.

ಜಮಖಾನದ ಮೇಲೆ ಕೂತಾಗ ಅವನಿಗೆ ಕಣ್ಣು ತುಂಬಿ ಬಂತು. ಹಾಡುಗಾರರ ಉಂಗುರದ ಹರಳು ಕೂಡ ಕಾಣುತ್ತಿತ್ತು! ಒಂದು ಕೀರ್ತನೆ ಮುಗಿಯುವವರೆಗೆ ಅವನಷ್ಟು ಸುಖಿ ಆ ಬಯಲಿನಲ್ಲೇ ಇರಲಿಲ್ಲ.

ಎರಡನೆಯದರಲ್ಲಿ ಇರುವೆ ಬಂದವು. ಚಪ್ಪರದ ಕಂಬದಿಂದ ಇಳಿದು, ವೇದಿಕೆ ಹತ್ತಿ, ನೆಟ್ಟಗೆ ಕೇಸರಿಬಾತಿನ ಕಡೆ ಹೊರಟಿದ್ದವು. ಮುದ್ದುವೀರಪ್ಪನವರ ಎಡಗೈ ಇರುವೆ ಕೊಡವಲು ತಾಳದ ನಡುವೆ ಎಲ್ಲೆಲ್ಲೋ ಪಟಪಟ ಬಡಿಯಿತು. "ಭಲೇ!" ಎಂದರು ಜನ. ಒಂದು ಇರುವೆ ಕಚ್ಚಿತು. ಕೈ ಮಿಂಚಿನಂತೆ ಹಾರಿತು. "ಭೇಷ್!" ಎಂದರು ಜನ. ಮುದ್ದುವೀರಪ್ಪನವರು ಚಿಕ್ಕಮಲ್ಲಪ್ಪನನ್ನು ದುರುಗುಟ್ಟಿ ನೋಡಿ, ತಮ್ಮ ಹಿಂದೆ ಬಂದು ಕೂರುವಂತೆ ಹುಬ್ಬಿನಲ್ಲೇ ಕರೆದರು.

ಪಾಪ, ವೇದಿಕೆ ಹತ್ತಿದ. ಅವರ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಟವಲಿನ ಚುಂಗಿನಿಂದ ಇರುವೆ ಓಡಿಸತೊಡಗಿದ. ಕಾಣುತ್ತಿದ್ದದ್ದು ಬೆವೆತ ಜುಬ್ಬ, ಕೇಳುತ್ತಿದ್ದದ್ದು ಕಿವಿಯ ಬುಡದಲ್ಲೇ ಗುಮ್ ಗುಮ್. ಹಾಡು ಯಾವುದೋ, ಪಿಟೀಲು ಎಲ್ಲೋ! ಬಗ್ಗಿ ನೋಡಿದರೆ ಅವನ ಜಾಗದಲ್ಲಿ ಗುರುಮಲ್ಲಮ್ಮ ಕಾಲು ಚಾಚಿ ಕೂತಿದ್ದಳು.

ಮಂಗಳವಾದ ಮೇಲೆ ಮುದ್ದುವೀರಪ್ಪನವರು ಹಾರ ಹಾಕಿಸಿಕೊಂಡು ನಂಜುಂಡಪ್ಪನ ಕೈ ಹಿಡಿದರು. "ನನ್ನ ಎಡಗೈ ಜನ್ಮದಲ್ಲಿ ಹೀಗೆ ಓಡಿರಲಿಲ್ಲ ಕಣಯ್ಯಾ! ಬರೋ ವರ್ಷವೂ ಇದೇ ಕೇಸರಿಬಾತು, ಹಿಂದೆ ಇವರೇ!"

"ಕೇಳುಸ್ತೇನ್ಲಾ?" ಎಂದ ನಂಜುಂಡಪ್ಪ ಹಿಗ್ಗಿ. "ಇನ್ನ ಪ್ರತಿ ವರ್ಸ ನಿನ್ ಜಾಗ ಅಲ್ಲೇ. ಯಾರೂ ಕಿತ್ಕಳಂಗಿಲ್ಲ!"

ಹಸಿವಿನಿಂದ ಕಣ್ಣು ಕತ್ತಲಿಟ್ಟ ಚಿಕ್ಕಮಲ್ಲಪ್ಪ ನೇರ ಹುಣಸೆಮರದ ಕಡೆ ಓಡಿದ. ಮೂಗಮ್ಮ ಖಾಲಿ ಮಂಕರಿ ಕೊಡವುತ್ತಿದ್ದಳು.

"ಕಡ್ಲೆಕಾಯಿ ಆಗೋಯ್ತು ಕಣಣ್ಣ. ನೀನ್ಯಾಕ್ ಈ ಸಲ ಬರ್ನಿಲ್ಲ? ನಿನ್ ಜಾಗ ಅಂಗೇ ಇಟ್ಟಿದ್ದೆ. ಹೊಸದಾಗಿ ತಂದ ಮೈಕಿನ ಕೊಳವೇನ ಈ ಮರಕ್ಕೇ ಕಟ್ಟಿದ್ರು." ಅವಳು ಮೇಲಿನ ಕೊಂಬೆ ತೋರಿಸಿದಳು. "ಅಯ್ಯೋ, ಆ ಹಾಡ್ಗಾರಪ್ಪ ನನ್ ಪಕ್ಕದಲ್ಲೇ ಕುಂತ್ಕಂಡು ಹಾಡ್ದಂಗಿತ್ತು ಕಣಣ್ಣ!"