ಇಲ್ಲದ ಸಂಘಕ್ಕೆ ಬೀಗ

ಆ ದಿನ ಬೆಳಿಗ್ಗೆ ಕಾಲೇಜಿನ ಅಂಗಳದಲ್ಲಿದ್ದ ಸ್ಥಾಪಕ ಪಾದ್ರಿಗಳ ಕಂಚಿನ ಪ್ರತಿಮೆಯ ಕೊರಳಲ್ಲಿ ಕಮೋಡಿನ ಸೀಟೊಂದು ಹಾರದಂತೆ ನೇತಾಡುತ್ತಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ಮೂರು ಗ್ರೀಕ್ ಅಕ್ಷರಗಳು. ಪ್ರಾರ್ಥನೆ ಮಾಡುವ ಮಕ್ಕಳು ಹೆಚ್ಚಲೆಂದು ಓಹಿಯೋದ ಜೋಳದ ಹೊಲಗಳ ನಡುವೆ ಕಾಲೇಜು ಕಟ್ಟಿಸಿದ ಆ ಪುಣ್ಯಾತ್ಮರು ಎಂದಿನಂತೆ ಕೈಯೆತ್ತಿ ಹರಸುತ್ತಲೇ ಇದ್ದರು.

ಆ ಅಕ್ಷರಗಳನ್ನೇ ಹೆಸರಾಗಿಟ್ಟುಕೊಂಡಿದ್ದ ಹುಡುಗರ ಭ್ರಾತೃಸಂಘವನ್ನು ಕಾಲೇಜು ಎಂದೋ ರದ್ದು ಮಾಡಿತ್ತು. ಹೊಸ ಹುಡುಗರನ್ನು ಸೇರಿಸಿಕೊಳ್ಳುವಾಗ ಗೋಳು ಹುಯ್ದುಕೊಂಡದ್ದು ಅತಿಯಾಗಿತ್ತು. ಅಂದಿನಿಂದ ಅಂಥದೊಂದು ಸಂಘವೇ ಇಲ್ಲ. ಇಲ್ಲದ ಸಂಘ ಪ್ರತಿ ಶನಿವಾರ ಮೇಪಲ್ ಬೀದಿಯ ಮನೆಯಲ್ಲಿ ಬಿಯರ್ ಪೀಪಾಯಿ ಉರುಳಿಸುವ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಕಾಲೇಜಿಗೆ ಮಾತ್ರ ಕೇಳುತ್ತಿರಲಿಲ್ಲ.

ಶಿಸ್ತಿನ ವಿಭಾಗದ ಹಂಗಾಮಿ ಅಧಿಕಾರಿ ಲೋವೆಲ್ ಹೇವರ್‌ಕ್ಯಾಂಪನನ್ನು ಡೀನ್ ಆಸ್ಟ್ರಾಂಡರ್ ಮೇಡಂ ಕರೆಸಿದರು.

"ರೀ ಲೋವೆಲ್, ಸಂಜೆ ಟ್ರಸ್ಟಿಗಳ ಸಭೆ. ನಿಮ್ಮ ಕೆಲಸ ಕಾಯಂ ಮಾಡೋ ವಿಷಯಾನೂ ಬರುತ್ತೆ. ಅಷ್ಟರೊಳಗೆ ಆ ಸಂಘ ಮುಚ್ಚಿರ್ಬೇಕು."

"ಅದು ಮುಚ್ಚೇ ಇದೆಯಲ್ಲ ಮೇಡಂ?"

"ಹಾಗಾದ್ರೆ ಇನ್ನೊಂದ್ಸಲ ಮುಚ್ಚಿ."

ಲೋವೆಲ್ ಮೇಪಲ್ ಬೀದಿಗೆ ಓಡಿದ. ಪಕ್ಕದ ಮನೆಯ ಪಿಲ್ಚ್ ಅಜ್ಜಿ ಜಗಲಿಯಿಂದಲೇ ಹಿಡಿದುಕೊಂಡಳು. "ಈಗ ಬಂದ್ಯೇನಯ್ಯಾ? ನನ್ನ ಗುಲಾಬಿ ಪಾತೀಲಿ ಹುಡುಗರಿಗೆ ಬಸ್ಕಿ ಹೊಡೆಸ್ತಾರೆ! ಇಂಥವರನ್ನ ಸಾಕೋದಕ್ಕೆ ನಿಮಗೆ ನಾಚಿಕೆ ಆಗಲ್ವಾ?"

ಮನೆಯೊಳಗೆ ಒಂದೇ ಬಣ್ಣದ ಕೋಟು ತೊಟ್ಟ ಇಪ್ಪತ್ತು ಹುಡುಗರು ಸಾಧುಗಳಂತೆ ಕೂತಿದ್ದರು. ನಡುವೆ ಒಬ್ಬ, ಮುಖದ ತುಂಬ ಸಾಸಿವೆ ಸಾಸ್ ಬಳಿದುಕೊಂಡು, ಒಂಟಿಕಾಲಲ್ಲಿ ನಿಂತಿದ್ದ.

"ಇವನಿಗೇನಾಗಿದೆ?"

"ಚರ್ಮಕ್ಕೆ ಒಳ್ಳೇದು ಸಾರ್," ಎಂದ ಅವರ ನಾಯಕ ಬ್ರ್ಯಾಡ್‌ಫರ್ಡ್ ಕೆಸ್ಲಿಂಗ್. "ನಾವು ಬರೀ ಸ್ನೇಹಿತರು. ಸಂಘ ಅಂತ ನೀವು ಒಪ್ಪಲ್ಲ ತಾನೇ? ಮತ್ತೆ ಯಾರನ್ನ ಮುಚ್ಚಿಸ್ತೀರಿ?"

ಮಾತು ಸರಿಯೆನ್ನಿಸಿತು. ಅದೇ ಕಷ್ಟ. ಕಾಲೇಜಿನ ವಕೀಲ ಟಟಲ್ ಕೂಡ ಕನ್ನಡಕ ಒರೆಸುತ್ತ ಅದನ್ನೇ ಹೇಳಿದ. "ಮಾನ್ಯತೆ ಇಲ್ಲದ್ದನ್ನ ರದ್ದು ಮಾಡೋಕಾಗಲ್ಲ ಕಣಯ್ಯಾ. ಒಂದು ಉಪಾಯ ಇದೆ. ಮಧ್ಯಾಹ್ನ ಮಾನ್ಯತೆ ಕೊಡೋಣ, ಸಂಜೆ ರದ್ದು ಮಾಡೋಣ. ನಮ್ಮ ಸಿಬ್ಬಂದಿಯೊಬ್ಬರು ಸಲಹೆಗಾರರಾಗ್ಬೇಕು, ಅಷ್ಟೆ."

ಲೋವೆಲ್ ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಸಲಹೆಗಾರ ಎಂಬ ಮಾತು ಕೇಳಿದ್ದೇ ರಸಾಯನಶಾಸ್ತ್ರದ ಪ್ರೊಫೆಸರು ಹಿಂಬಾಗಿಲಿಂದ ಹೊರಟರು. ಧರ್ಮಶಾಸ್ತ್ರದವರು ಕಣ್ಣುಮುಚ್ಚಿ ಪ್ರಾರ್ಥನೆಗೆ ಕೂತರು. ಲೋವೆಲ್ ಹೊರಟುಹೋಗುವವರೆಗೂ ಆಮೆನ್ ಅನ್ನಲಿಲ್ಲ.

"ನೀನೇ ಆಗಿಬಿಡು," ಎಂದ ಟಟಲ್. "ಸಲಹೆಗಾರ ಅಂದ್ರೆ ಒಬ್ಬ ಗೌರವ ಸದಸ್ಯ. ಸಂಜೆವರೆಗೆ ತಾನೇ?"

ಲೋವೆಲ್ ಸಹಿ ಹಾಕಿದ.

ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದಂತೆ ನಡೆಯಿತು. ಮಧ್ಯಾಹ್ನ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಸಂಜೆ ಟ್ರಸ್ಟಿಗಳು ಅದನ್ನು ರದ್ದು ಮಾಡಿ, ಅದರ ಸದಸ್ಯರು ಇನ್ನು ಕಾಲೇಜಿನೊಳಗೆ ಕಾಲಿಡಕೂಡದೆಂದು ಗೊತ್ತುವಳಿ ಮಾಡಿದರು. ಲೋವೆಲ್‌ನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತನ್ನ ಕೆಲಸದ ವಿಷಯ ಬರುವ ಮೊದಲೇ ಶುಭಕಾರ್ಯ ಮುಗಿಸೋಣವೆಂದು ಬೀಗ ಹಿಡಿದು ಮೇಪಲ್ ಬೀದಿಗೆ ಹೋದ.

ಮನೆ ಖಾಲಿ. ಹುಡುಗರೆಲ್ಲ ಪಿಲ್ಚ್ ಅಜ್ಜಿಯ ಜಗಲಿಯಲ್ಲಿ ಸೇಬಿನ ಕಡುಬು ತಿನ್ನುತ್ತಿದ್ದರು. ಸಾಸಿವೆಯವನು ಗುಲಾಬಿಗೆ ನೀರು ಹಾಕುತ್ತಿದ್ದ.

"ಇಲ್ಲೇನ್ರೋ ಮಾಡ್ತಿದ್ದೀರಿ?"

"ಅಜ್ಜಿ ಮಹಡಿ ಬಾಡಿಗೆಗೆ ಕೊಟ್ರು ಸಾರ್," ಎಂದ ಕೆಸ್ಲಿಂಗ್. "ನೀವು ಮಾನ್ಯತೆ ಕೊಟ್ಟುಬಿಟ್ರಲ್ಲ! ಅಂದ್ರೆ ತಪಾಸಣೆ, ವಿಮೆ, ಬಿಯರ್ ಬಂದ್. ಮಾನ ಇರೋರು ಅಂಥ ಸಂಘದಲ್ಲಿ ಇರ್ತಾರಾ? ಆಗಿಂದಾಗ್ಲೇ ಎಲ್ಲರೂ ರಾಜೀನಾಮೆ ಕೊಟ್ವಿ. ಸಂಘ ಬಿಟ್ಟ ಹುಡುಗರು ಅಂತ ಅಜ್ಜಿಗೂ ಖುಷಿ. ಈಗ ನಾವು ಬರೀ ಸ್ನೇಹಿತರು."

ಲೋವೆಲ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಡೀನ್ ಮೇಡಂ.

"ಅಲ್ರೀ, ಸಭೆಗೆ ವಾಪಸ್ ಬರ್ಬೇಡಿ. ಗೇಟಲ್ಲಿ ಬಿಡಲ್ಲ. ರದ್ದಾದ ಸಂಘದಲ್ಲಿ ಉಳಿದಿರೋ ಸದಸ್ಯರು ನೀವೊಬ್ರೇ. ಆ ಕಮೋಡಿನ ಸೀಟಿಗೂ ಉತ್ತರ ನೀವೇ ಕೊಡ್ಬೇಕಂತೆ."

ಲೋವೆಲ್ ಬೀಗ ಹಿಡಿದುಕೊಂಡೇ ಜಗಲಿಯ ಮೆಟ್ಟಿಲ ಮೇಲೆ ಕೂರಲು ಹೋದ. ಪಿಲ್ಚ್ ಅಜ್ಜಿ ಪೊರಕೆ ಎತ್ತಿಕೊಂಡಳು.

"ಏಳಯ್ಯಾ ಮೇಲೆ! ನೋಡೋಕೆ ಸಂಭಾವಿತನ ಹಾಗಿದ್ದಿ, ನೀನೂ ಆ ಸಂಘದವನೇನಾ? ನಮ್ಮ ಹುಡುಗರನ್ನ ಕೆಡಿಸೋಕೆ ಬರ್ಬೇಡ!"