ಅಳಿಯನ ಕಾರಿನ ಎಡಬಾಗಿಲು

ಮಗಳು ಪುಟ್ಟಿಗೆ ಕೂತು ಓಡಿಸುವಂಥ ಪ್ಲಾಸ್ಟಿಕ್ ಕಾರು ತಂದದ್ದು ಮನೋಹರನ ತಪ್ಪಲ್ಲ. ಪುಣೆ ಕ್ಯಾಂಪಿನ ಅಂಗಡಿಯವನು ಅದನ್ನು ಬಿಡಿಬಿಡಿಯಾಗಿ ಡಬ್ಬದಲ್ಲಿ ತುಂಬಿ ಕೊಟ್ಟಿದ್ದ. ಅದೇ ಸಂಜೆ ಮಾವ ಸಿದ್ರಾಮಪ್ಪನವರು ಆಳಂದದಿಂದ ಬರುವವರಿದ್ದರು. ಎರಡೂ ಕೂಡಿ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದವು.

ಮನೋಹರ ಪುಣೆ ಹತ್ತಿರದ ಚಾಕಣದಲ್ಲಿ ಕಾರು ಕಾರ್ಖಾನೆಯ ಕೆಲಸಕ್ಕಿದ್ದ. ತಮ್ಮ ಅಳಿಯ ಕಾರು ಮಾಡುತ್ತಾನೆಂದು ಮಾವ ಊರೆಲ್ಲ ಡಂಗುರ ಸಾರಿದ್ದರು. ನಿಜವಾಗಿ, ಸಾಲಿನಲ್ಲಿ ಸರಿದು ಬರುವ ಕಾರಿಗೆ ಎಡಬಾಗಿಲು ಎತ್ತಿ ಕೂರಿಸಿ ಕೈಬಿಡುವುದಷ್ಟೇ ಅವನ ಕೆಲಸ. ಉಳಿದ ಕಾರಿನ ವಿಷಯ ಅವನಿಗೂ ಮಾವನಷ್ಟೇ ಗೊತ್ತು. ಈ ಗುಟ್ಟನ್ನು ಪಾಪ, ಹೆಂಡತಿ ಶಿವಕಾಂತಾಳಿಗೂ ಹೇಳಿರಲಿಲ್ಲ.

"ಮುತ್ಯಾ ಬರೂದ್ರಾಗ ಕಾರ್ ಆಗಬೇಕಪ್ಪಾ," ಎಂದು ಪುಟ್ಟಿ ಎದುರಿಗೇ ಕೂತಳು.

ಮಧ್ಯಾಹ್ನದ ಹೊತ್ತಿಗೆ ಸ್ಟೀರಿಂಗು ಹಿಂದಿನ ಸೀಟಿಗೆ ಬಂದಿತ್ತು, ಒಂದು ಚಕ್ರ ಛಾವಣಿ ಹತ್ತಿತ್ತು. ಸದ್ದು ಕೇಳಿ ನೆರೆಯವರು ಬಂದರು. ಮೈಸೂರಿನ ನಿವೃತ್ತ ಮೇಷ್ಟರು ಶ್ರೀಕಂಠಯ್ಯ ಜೋಡಣೆಯ ಹಾಳೆಯನ್ನು ತಲೆಕೆಳಗಾಗಿ ಹಿಡಿದು, "ಚಿತ್ರ ನೋಡಿ ಮಾಡ್ಬೇಕು ಕಣ್ರೀ," ಎಂದರು. ಎದುರುಮನೆಯ ಭಾಮಾಕಾಕು, ನಿಮ್ಮ ಕಾರ್ಖಾನೆಯ ಕಾರುಗಳೂ ಹೀಗೇ ಹೊರಬೀಳುತ್ತವೆಯೇ, ಹಾಗಾದರೆ ನನ್ನ ಮಗನಿಗೆ ಬೇರೆ ಕಂಪನಿಯದು ಕೊಳ್ಳಲು ಹೇಳುತ್ತೇನೆ ಎಂದು ಮರಾಠಿಯಲ್ಲಿ ಕಾಳಜಿ ತೋರಿಸಿದಳು.

ಮಾತು ಚುಚ್ಚಿತು. ಆದರೆ ದಾರಿಯೂ ಅದರಲ್ಲೇ ಕಂಡಿತು. ಕಾರ್ಖಾನೆಯಲ್ಲಿ ಒಬ್ಬನೇ ಇಡೀ ಕಾರು ಮಾಡುತ್ತಾನೆಯೇ? ಮನೋಹರ ಪಡಸಾಲೆಯಲ್ಲೇ ಸಾಲು ಹಚ್ಚಿದ. ಮೇಷ್ಟರಿಗೆ ಸ್ಟೀರಿಂಗು, ಭಾಮಾಕಾಕುವಿಗೆ ಚಕ್ರ, ಶಿವಕಾಂತಾಳಿಗೆ ಸೀಟು, ಛಾವಣಿ, ಬಲಬಾಗಿಲು.

"ಯಾರ ಕೆಲಸ ಅವರು ಮಾಡ್ರಿ. ಇನ್ನೊಬ್ಬರದಕ್ಕ ಕೈ ಹಾಕಬ್ಯಾಡ್ರಿ," ಎಂದು ಕಟ್ಟಪ್ಪಣೆ ಮಾಡಿದ.

ಪುಟ್ಟಿ ಕಾರಿನಡಿ ಹಾಸಿದ ಚಾಪೆ ಎಳೆದಂತೆ ಕಾರು ಒಬ್ಬರಿಂದ ಒಬ್ಬರಿಗೆ ಸರಿಯಿತು. ನೋಡನೋಡುತ್ತ ಅದಕ್ಕೆ ಕಾರಿನ ಕಳೆ ಬಂತು. ಕೊನೆಗೆ ಎಡಬಾಗಿಲು. ಮನೋಹರ ಅದನ್ನು ಎತ್ತಿ, ಕಣ್ಣೂ ಹಾಯಿಸದೆ ಟಪಕ್ಕನೆ ಕೂರಿಸಿ ಕೈಬಿಟ್ಟ. ಶಿವಕಾಂತಾ ಅವನನ್ನು ಮದುವೆಯ ಹೊಸತರಲ್ಲಿ ನೋಡಿದಂತೆ ನೋಡಿದಳು. ಅವನಿಗೆ ಎದೆ ತುಂಬಿ ಬಂತು.

ಅಷ್ಟರಲ್ಲಿ ಮಾವ ಬಂದರು. ಕಾರು ಕಂಡು, ಒಳಗೆ ಕೂತ ಮೊಮ್ಮಗಳನ್ನು ಕಂಡು ಮುಖ ಅರಳಿತು. ಇದನ್ನೂ ಅಳಿಯಂದಿರೇ ಮಾಡಿದರೇ ಎಂದು ಕೇಳುತ್ತ, ಅವಳನ್ನು ಎತ್ತಿಕೊಳ್ಳಲು ಎಡಬಾಗಿಲು ತೆಗೆದರು.

ಬಾಗಿಲು ಇಡಿಯಾಗಿ ಅವರ ಕೈಗೇ ಬಂತು.

ಕಾರ್ಖಾನೆಯಲ್ಲಿ ಮನೋಹರ ಕೈಬಿಟ್ಟ ಬಾಗಿಲಿಗೆ ಬೋಲ್ಟು ಬಿಗಿಯಲು ಪಕ್ಕದಲ್ಲಿ ಧರ್ಮರಾಜನೆಂಬವನು ನಿಂತಿರುತ್ತಾನೆ. ಇಲ್ಲಿ ಪಕ್ಕದಲ್ಲಿ ನಿಂತಿದ್ದವಳು ಭಾಮಾಕಾಕು. ಅವಳ ಪಾಲಿನದು ಚಕ್ರ. ಎರಡು ಬೋಲ್ಟುಗಳು ಡಬ್ಬದ ತಳದಲ್ಲಿ ಹಾಯಾಗಿ ಮಲಗಿದ್ದವು.

ಸಿದ್ರಾಮಪ್ಪನವರು ಬಾಗಿಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ಗೋಡೆಗೆ ಆನಿಸಿದರು.

"ಇರಲಿ ಬಿಡ್ರಿ ಅಳಿಯಂದ್ರ," ಎಂದರು. "ಇನ್ನ ಮ್ಯಾಲ ಊರಾಗ ಯಾರರ ಕೇಳಿದ್ರ, ನೀವು ಸ್ಕೂಟರ್ ಮಾಡ್ತೀರಿ ಅಂತೀನಿ. ಅದಕ್ಕ ಬಾಗಲಾ ಇರಂಗಿಲ್ಲ."